ಕಾರಿನ ತವರು

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂಬ ಮಾತು ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ನದಿ ಪಾವನವಾದುದು, ಋಷಿ ಪೂಜ್ಯನಾದವನು. ಅವರ ಹುಟ್ಟನ್ನು ಕೆದಕುವುದರಿಂದ ಆಗಬೇಕಾದ ಪ್ರಯೋಜನವೇನೂ ಇಲ್ಲವೆಂಬುದು ಆ ಮಾತಿನ ತಾತ್ಪರ್ಯ. ಆದರೆ ಹಣ ತೆತ್ತು ಕೊಳ್ಳುವ ವಸ್ತುವಿನ ವಿಷಯ ಹಾಗಲ್ಲ. ಅದು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಹುಟ್ಟಿತು, ತೆತ್ತ ಹಣ ಯಾರ ಮನೆಯನ್ನು ಸೇರಿತು ಎಂದು ವಿಚಾರಿಸುವುದು ಕೊಳ್ಳುವವನ ಹಕ್ಕು. ಒಂದರ್ಥದಲ್ಲಿ ಅವನ ಕರ್ತವ್ಯವೂ ಹೌದು.

ಸ್ವದೇಶಿ ಚಳವಳಿಯ ಕಾಲದಲ್ಲಿ ಈ ವಿಚಾರಣೆ ಸುಲಭವಾಗಿತ್ತು. ಖಾದಿ ತೊಟ್ಟವನು ತನ್ನ ಅಂಗಿಯ ಹತ್ತಿ ಯಾವ ಹೊಲದ್ದು, ನೂಲನ್ನು ತೆಗೆದವರು ಯಾರು, ಮಗ್ಗದಲ್ಲಿ ನೇಯ್ದವರು ಯಾರು ಎಂಬುದನ್ನು ಬಲ್ಲವನಾಗಿದ್ದನು. ಹಲವು ವೇಳೆ ಆ ಮೂರು ಕೆಲಸಗಳೂ ಒಂದೇ ಊರಿನಲ್ಲಿ ನಡೆಯುತ್ತಿದ್ದುವು. ಮೋಟಾರು ಕಾರು ಅಂಥ ವಸ್ತುವಲ್ಲ. ತಿರುಪು, ಮೊಳೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಂದು ಕಾರಿನಲ್ಲಿ ಸುಮಾರು ಮೂವತ್ತು ಸಾವಿರ ಬಿಡಿಭಾಗಗಳಿರುತ್ತವೆ. ಅವೆಲ್ಲವೂ ಒಂದೇ ಊರಿನಲ್ಲಿ ಹುಟ್ಟುವುದು ಹಾಗಿರಲಿ, ಒಂದೇ ದೇಶದಲ್ಲಿ ಹುಟ್ಟುವುದೂ ಅಪರೂಪ. ಹೀಗಿದ್ದರೂ ಜನರು ಕಾರಿನ ಮುಂಭಾಗದಲ್ಲಿರುವ ಹೆಸರನ್ನು ನೋಡಿ, ಇದು ಸ್ವದೇಶಿ, ಅದು ವಿದೇಶಿ ಎಂದು ಕ್ಷಣಮಾತ್ರದಲ್ಲಿ ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ?

೨೦೧೦ರ ಸುಮಾರಿನ ಅಮೆರಿಕದ ಯಾವುದಾದರೊಂದು ಬಡಾವಣೆಯನ್ನು ಕಲ್ಪಿಸಿಕೊಳ್ಳಬಹುದು. ಅಕ್ಕಪಕ್ಕದ ಎರಡು ಮನೆಗಳ ಮುಂದೆ ಎರಡು ಕಾರುಗಳು ನಿಂತಿವೆ. ಒಂದು ಫೋರ್ಡ್ ಫ್ಯೂಷನ್, ಇನ್ನೊಂದು ಟೊಯೋಟ ಕ್ಯಾಮ್ರಿ. ಫೋರ್ಡ್ ಎಂಬುದು ಅಮೆರಿಕದ ಮನೆಮಾತಾದ ಹೆಸರು, ಟೊಯೋಟ ಜಪಾನಿನದು. ಮೊದಲನೆಯ ಮನೆಯವನು ತಾನು ಸ್ವದೇಶಿ ಕಾರನ್ನು ಕೊಂಡಿರುವೆನೆಂದು ಹೆಮ್ಮೆಪಡುವುದು ಸಹಜ. ಆದರೆ ಆ ಫ್ಯೂಷನ್ ಕಾರು ತಯಾರಾದದ್ದು ಮೆಕ್ಸಿಕೋ ದೇಶದ ಎರ್ಮೊಸಿಯೊ ನಗರದಲ್ಲಿ. ಎರಡನೆಯ ಮನೆಯವನ ಕ್ಯಾಮ್ರಿಯಾದರೋ ಅಮೆರಿಕದ ಕೆಂಟುಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ ಟೊಯೋಟ ಸಂಸ್ಥೆ ೧೯೮೮ರಿಂದ ನಡೆಸುತ್ತಿರುವ ಕಾರ್ಖಾನೆಯ ಮಾದರಿ. ಹೆಸರಿನಿಂದ ಸ್ವದೇಶಿಯಾದುದು ಗಡಿಯನ್ನು ದಾಟಿ ಬಂದಿತ್ತು. ಹೆಸರಿನಿಂದ ವಿದೇಶಿಯಾದುದು ಕೆಂಟುಕಿಯ ಕೆಲಸಗಾರರ ಕೈಯಲ್ಲಿ ರೂಪುಗೊಂಡಿತ್ತು.

ಇದು ಕೇವಲ ಒಗಟಿನಂಥ ಸ್ವಾರಸ್ಯವಲ್ಲ. ಇದರ ಹಿಂದೆ ಅನೇಕ ಕುಟುಂಬಗಳ ಅನ್ನದ ಪ್ರಶ್ನೆಯಿದೆ. ಒಂದು ದಾರುಣವಾದ ಕಥೆಯೂ ಇದೆ. ಅದನ್ನು ತಿಳಿಯಬೇಕಾದರೆ ಅಮೆರಿಕದ ಮೋಟಾರು ಉದ್ಯಮದ ಚರಿತ್ರೆಯತ್ತ ಸ್ವಲ್ಪ ಹೊರಳಬೇಕು.

ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರಕ್ಕೆ ಹೊಂದಿಕೊಂಡಂತೆ ಹೈಲ್ಯಾಂಡ್ ಪಾರ್ಕ್ ಎಂಬ ಊರಿದೆ. ಹೆನ್ರಿ ಫೋರ್ಡ್ ೧೯೧೩ರಲ್ಲಿ ಅಲ್ಲಿನ ತನ್ನ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಅಳವಡಿಸಿದನು. ಅದುವರೆಗೆ ಕೆಲಸಗಾರರು ಕಾರಿನ ಬಳಿಗೆ ಹೋಗಿ ಕೆಲಸ ಮಾಡುತ್ತಿದ್ದರು. ಇನ್ನು ಮುಂದೆ ಕಾರೇ ಅವರ ಬಳಿಗೆ ಸರಿದು ಬರತೊಡಗಿತು. ಒಂದು ಕಾರಿನ ಅಡಿಕಟ್ಟನ್ನು ಜೋಡಿಸಲು ಹಿಂದೆ ೧೨ ಗಂಟೆಗಳಿಗೂ ಮಿಕ್ಕಿ ಹಿಡಿಯುತ್ತಿದ್ದ ಕಾಲ ಸುಮಾರು ೯೩ ನಿಮಿಷಗಳಿಗೆ ಇಳಿಯಿತು. ಕಾರು ಅಗ್ಗವಾಯಿತು, ಸಾಮಾನ್ಯ ಕುಟುಂಬಗಳಿಗೂ ಎಟುಕಿತು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಎಂಬ ಮೂರು ದೊಡ್ಡ ಸಂಸ್ಥೆಗಳು ಡೆಟ್ರಾಯಿಟನ್ನು ಜಗತ್ತಿನ ಮೋಟಾರು ರಾಜಧಾನಿಯನ್ನಾಗಿಸಿದುವು. ಅಲ್ಲಿನ ಕೆಲಸಗಾರನಿಗೆ ಕಾರು ಸಂಚಾರದ ಸಾಧನ ಮಾತ್ರವಾಗಿರಲಿಲ್ಲ. ಅದು ಅವನ ಮನೆಯಾಗಿತ್ತು, ಮಕ್ಕಳ ವಿದ್ಯಾಭ್ಯಾಸವಾಗಿತ್ತು, ಅವನ ಮರ್ಯಾದೆಯಾಗಿತ್ತು.

೧೯೭೩ರಲ್ಲಿ ಅರಬ್ ರಾಷ್ಟ್ರಗಳು ತೈಲದ ಪೂರೈಕೆಯನ್ನು ತಡೆಹಿಡಿದಾಗ ಪೆಟ್ರೋಲಿನ ಬೆಲೆ ಗಗನಕ್ಕೇರಿತು. ೧೯೭೯ರಲ್ಲಿ ಇರಾನಿನ ಕ್ರಾಂತಿಯಿಂದಾಗಿ ಮತ್ತೊಮ್ಮೆ ಅಂಥ ಪರಿಸ್ಥಿತಿಯೇ ಒದಗಿತು. ಡೆಟ್ರಾಯಿಟಿನ ಕಾರುಗಳು ಉದ್ದವಾಗಿ, ಭಾರವಾಗಿ, ಧಾರಾಳವಾಗಿ ಪೆಟ್ರೋಲು ಕುಡಿಯುವಂಥವಾಗಿದ್ದುವು. ಜಪಾನಿನ ಕಾರುಗಳು ಚಿಕ್ಕವು, ಮಿತವ್ಯಯದವು, ಪದೇ ಪದೇ ಕೆಡದಿರುವಂಥವು. ಕೊಳ್ಳುವವರು ಅವುಗಳತ್ತ ತಿರುಗಿದರು. ಅಮೆರಿಕದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದುವು. ಕೆಲಸಗಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೀದಿಪಾಲಾದರು. ಉದ್ಯಮದ ಯಜಮಾನರ ದೂರದೃಷ್ಟಿಯ ಕೊರತೆಯನ್ನು ಕುರಿತು ಯೋಚಿಸುವ ತಾಳ್ಮೆ ಹಸಿದವರಲ್ಲಿ ಇರಲಿಲ್ಲ. ಜಪಾನೀ ಕಾರುಗಳನ್ನು ಸಾರ್ವಜನಿಕವಾಗಿ ಸುತ್ತಿಗೆಯಿಂದ ಬಡಿದು ಪುಡಿಮಾಡುವ ಪ್ರದರ್ಶನಗಳು ನಡೆದುವು.

ಕೋಪ ಕಾರುಗಳ ಮೇಲೆಯೇ ನಿಲ್ಲಲಿಲ್ಲ. ೧೯೮೨ರ ಜೂನ್ ತಿಂಗಳಿನಲ್ಲಿ, ಹೆನ್ರಿ ಫೋರ್ಡ್ ಚಲಿಸುವ ಸಾಲನ್ನು ಆರಂಭಿಸಿದ ಅದೇ ಹೈಲ್ಯಾಂಡ್ ಪಾರ್ಕಿನಲ್ಲಿ, ವಿನ್ಸೆಂಟ್ ಚಿನ್ ಎಂಬ ೨೭ ವರ್ಷದ ತರುಣನನ್ನು ಇಬ್ಬರು ಹೊಡೆದು ಕೆಡವಿದರು. ನಾಲ್ಕು ದಿನಗಳ ಅನಂತರ ಅವನು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದನು. ಹೊಡೆದವರಲ್ಲಿ ಒಬ್ಬನು ಕಾರು ಕಾರ್ಖಾನೆಯೊಂದರ ಮೇಲ್ವಿಚಾರಕ, ಇನ್ನೊಬ್ಬನು ಅಂಥ ಉದ್ಯೋಗವನ್ನು ಕಳೆದುಕೊಂಡಿದ್ದವನು. ಅಮೆರಿಕನ್ನರು ಕೆಲಸ ಕಳೆದುಕೊಂಡಿರುವುದು ಇಂಥವರಿಂದಲೇ ಎಂಬರ್ಥದ ಮಾತನ್ನು ಅವರಲ್ಲೊಬ್ಬನು ಆಡಿದ್ದನ್ನು ಕೇಳಿದ್ದಾಗಿ ಸ್ಥಳದಲ್ಲಿದ್ದವರು ಸಾಕ್ಷ್ಯ ಹೇಳಿದರು. ವಿನ್ಸೆಂಟ್ ಚಿನ್ ಜಪಾನೀಯನಾಗಿರಲಿಲ್ಲ. ಅವನು ಚೀನೀ ಮೂಲದವನು, ಅಮೆರಿಕದ ಪ್ರಜೆ, ಎಂಜಿನಿಯರಿಂಗ್ ಸಂಸ್ಥೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. ಕೆಲವೇ ದಿನಗಳಲ್ಲಿ ಅವನ ಮದುವೆ ನಡೆಯಬೇಕಾಗಿತ್ತು. ಮರುವರ್ಷ ರಾಜ್ಯದ ನ್ಯಾಯಾಲಯ ತಪ್ಪಿತಸ್ಥರಿಗೆ ದಂಡವನ್ನು ವಿಧಿಸಿತೇ ಹೊರತು ಸೆರೆವಾಸವನ್ನು ವಿಧಿಸಲಿಲ್ಲ. ಆ ತೀರ್ಪು ಅಮೆರಿಕದಲ್ಲಿರುವ ಏಷ್ಯಾ ಮೂಲದ ಜನರೆಲ್ಲರನ್ನೂ ನೋಯಿಸಿತು. ಒಟ್ಟುಗೂಡಿ ನ್ಯಾಯ ಕೇಳುವಂತೆಯೂ ಮಾಡಿತು.

ಅದೇ ವರ್ಷದ ನವೆಂಬರಿನಲ್ಲಿ, ಮಿಷಿಗನ್ನಿಗೆ ನೆರೆಯಾದ ಒಹಾಯೊ ರಾಜ್ಯದ ಮೇರೀಸ್‌ವಿಲ್ ಎಂಬಲ್ಲಿ ಹೋಂಡಾ ಅಕಾರ್ಡ್ ಕಾರೊಂದು ಕಾರ್ಖಾನೆಯಿಂದ ಹೊರಬಂದಿತು. ಜಪಾನಿನ ಸಂಸ್ಥೆಯೊಂದು ಅಮೆರಿಕದ ನೆಲದಲ್ಲಿ ತಯಾರಿಸಿದ ಮೊದಲ ಕಾರು ಅದು. ಅದನ್ನು ಜೋಡಿಸಿದವರು ಒಹಾಯೊದ ಜನ. ಜೂನ್ ತಿಂಗಳಿನಲ್ಲಿ ಯಾವ ಹೆಸರಿನ ಮೇಲಿನ ಸಿಟ್ಟು ಒಬ್ಬ ತರುಣನನ್ನು ಬಲಿ ತೆಗೆದುಕೊಂಡಿತೋ, ಅಂಥದೇ ಒಂದು ಹೆಸರು ಐದು ತಿಂಗಳ ಬಳಿಕ ಪಕ್ಕದ ರಾಜ್ಯದಲ್ಲಿ ಜನರಿಗೆ ಉದ್ಯೋಗವನ್ನು ಕೊಡತೊಡಗಿತು. ೧೯೮೧ರಲ್ಲಿ ಅಮೆರಿಕದ ಒತ್ತಾಯಕ್ಕೆ ಮಣಿದ ಜಪಾನು ವರ್ಷಕ್ಕೆ ೧೬.೮ ಲಕ್ಷಕ್ಕಿಂತ ಹೆಚ್ಚು ಕಾರುಗಳನ್ನು ಅಲ್ಲಿಗೆ ಕಳುಹಿಸುವುದಿಲ್ಲವೆಂದು ಒಪ್ಪಿಕೊಂಡಿತ್ತು. ಹೋಂಡಾ ತನ್ನ ಕಾರ್ಖಾನೆಯ ನಿರ್ಧಾರವನ್ನು ಅದಕ್ಕೂ ಮುಂಚೆ ಕೈಗೊಂಡಿದ್ದರೂ, ಈ ಮಿತಿಯ ಅನಂತರ ಇತರ ಜಪಾನೀ ಸಂಸ್ಥೆಗಳೂ ಅಮೆರಿಕದಲ್ಲಿಯೇ ಕಾರ್ಖಾನೆಗಳನ್ನು ಸ್ಥಾಪಿಸುವುದು ಲಾಭಕರವೆಂದು ಕಂಡುಕೊಂಡುವು.

ಇವುಗಳಲ್ಲಿ ಕ್ಯಾಲಿಫೋರ್ನಿಯದ ಫ್ರೀಮಾಂಟ್ ಕಾರ್ಖಾನೆಯ ವೃತ್ತಾಂತ ವಿಶೇಷವಾದುದು. ಅದು ಮೊದಲು ಜನರಲ್ ಮೋಟಾರ್ಸ್ ಸಂಸ್ಥೆಯದಾಗಿತ್ತು. ಕಳಪೆ ಕೆಲಸಕ್ಕೂ ಗೈರುಹಾಜರಿಗೂ ಹೆಸರಾಗಿದ್ದ ಆ ಕಾರ್ಖಾನೆ ೧೯೮೨ರಲ್ಲಿ ಮುಚ್ಚಿತು. ೧೯೮೪ರಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟ ಕೂಡಿ ಅದನ್ನು ಮತ್ತೆ ತೆರೆದುವು. ಹಳೆಯ ಕೆಲಸಗಾರರಲ್ಲಿ ಬಹುಮಂದಿಯನ್ನೇ ಮತ್ತೆ ಸೇರಿಸಿಕೊಂಡು, ಅವರಲ್ಲಿ ಕೆಲವರನ್ನು ಜಪಾನಿಗೆ ಕಳುಹಿಸಿ, ಟೊಯೋಟದ ಕಾರ್ಯವಿಧಾನವನ್ನು ಕಲಿಸಲಾಯಿತು. ತಪ್ಪು ಕಂಡ ಯಾವ ಕೆಲಸಗಾರನೇ ಆಗಲಿ ಹಗ್ಗವನ್ನೆಳೆದು ಇಡೀ ಸಾಲನ್ನೇ ನಿಲ್ಲಿಸಬಹುದೆಂಬುದು ಆ ವಿಧಾನದ ಒಂದು ಮುಖ್ಯ ಅಂಶ. ಅದೇ ಜನ, ಅದೇ ಕಟ್ಟಡ. ಆದರೆ ಕೆಲಸದ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಮಟ್ಟಕ್ಕೆ ಏರಿತು. ಅಲ್ಲಿ ತಯಾರಾದ ಒಂದೇ ಬಗೆಯ ಕಾರುಗಳಲ್ಲಿ ಕೆಲವು ಷೆವ್ರೊಲೆ ಎಂಬ ಅಮೆರಿಕದ ಹೆಸರನ್ನೂ ಕೆಲವು ಟೊಯೋಟ ಎಂಬ ಜಪಾನಿನ ಹೆಸರನ್ನೂ ಹೊತ್ತು ಪೇಟೆಗೆ ಹೋದುವು. ಅಕ್ಕತಂಗಿಯರಂತಿದ್ದ ಅವುಗಳಲ್ಲಿ ಒಂದನ್ನು ಸ್ವದೇಶಿಯೆಂದೂ ಇನ್ನೊಂದನ್ನು ವಿದೇಶಿಯೆಂದೂ ಕರೆಯಲು ಹಣೆಯ ಮೇಲಿನ ಹೆಸರಲ್ಲದೆ ಬೇರಾವ ಆಧಾರವಿತ್ತು?

ಗೊಂದಲ ಹೆಚ್ಚಿದಾಗ ಅಮೆರಿಕದ ಸಂಸತ್ತು ೧೯೯೨ರಲ್ಲಿ ಒಂದು ಶಾಸನವನ್ನು ಮಾಡಿತು. ಅದರಂತೆ ೧೯೯೪ರಿಂದ ಮಾರಾಟಕ್ಕಿಡುವ ಪ್ರತಿಯೊಂದು ಹೊಸ ಕಾರಿನ ಮೇಲೆಯೂ ಒಂದು ಚೀಟಿಯನ್ನು ಅಂಟಿಸಬೇಕು. ಬಿಡಿಭಾಗಗಳ ಬೆಲೆಯಲ್ಲಿ ಶೇಕಡಾ ಎಷ್ಟು ಅಮೆರಿಕ ಮತ್ತು ಕೆನಡಾಗಳಿಗೆ ಸಲ್ಲುತ್ತದೆ, ಶೇಕಡಾ ೧೫ಕ್ಕೆ ಕಡಮೆಯಿಲ್ಲದ ಪಾಲುಳ್ಳ ಬೇರೆ ದೇಶಗಳಾವುವು, ಕೊನೆಯ ಜೋಡಣೆ ನಡೆದ ಊರು ಯಾವುದು, ಎಂಜಿನ್ ಮತ್ತು ಗೇರುಪೆಟ್ಟಿಗೆಗಳು ಯಾವ ದೇಶದವು ಎಂಬ ವಿವರಗಳು ಅದರಲ್ಲಿರಬೇಕು. ಇದು ಉಪಯುಕ್ತವಾದ ಕ್ರಮವೇ. ಆದರೆ ಚೀಟಿಯೂ ಎಲ್ಲವನ್ನೂ ಹೇಳಲಾರದು. ಅದು ಅಮೆರಿಕ ಮತ್ತು ಕೆನಡಾಗಳನ್ನು ಒಂದೇ ಎಂದೆಣಿಸುತ್ತದೆ. ಕೊನೆಯ ಜೋಡಣೆಯ ಕೂಲಿಯನ್ನು ಬಿಡಿಭಾಗಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಾರಿನ ನಕ್ಷೆ ಎಲ್ಲಿ ಸಿದ್ಧವಾಯಿತು, ಲಾಭ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಒಡೆತನವಾದರೂ ಸ್ಥಿರವೇ? ಡೆಟ್ರಾಯಿಟಿನ ಮೂರು ಸಂಸ್ಥೆಗಳಲ್ಲಿ ಒಂದಾದ ಕ್ರೈಸ್ಲರ್ ೧೯೯೮ರಲ್ಲಿ ಜರ್ಮನಿಯ ಡೈಮ್ಲರ್ ಸಂಸ್ಥೆಯೊಡನೆ ಕೂಡಿತು. ಮುಂದೆ ಇಟಲಿಯ ಫಿಯೆಟ್ ಕೈಸೇರಿತು. ೨೦೨೧ರಿಂದ ನೆದರ್‌ಲೆಂಡ್ಸ್ ದೇಶದಲ್ಲಿ ಪ್ರಧಾನ ಕಚೇರಿಯುಳ್ಳ ಸ್ಟೆಲಾಂಟಿಸ್ ಎಂಬ ದೊಡ್ಡ ಸಂಸ್ಥೆಯ ಒಂದು ಅಂಗವಾಗಿದೆ.

ಬಿಡಿಭಾಗಗಳು ಎಷ್ಟು ದೂರದಿಂದ ಬರುತ್ತವೆಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದು. ಅವು ಬಾರದೆ ನಿಂತಾಗ ಮಾತ್ರ ತಿಳಿಯುತ್ತದೆ. ೨೦೧೧ರ ಮಾರ್ಚ್ ತಿಂಗಳಿನಲ್ಲಿ ಜಪಾನಿನ ಈಶಾನ್ಯ ಭಾಗದಲ್ಲಿ ಭೀಕರವಾದ ಭೂಕಂಪವೂ ಸುನಾಮಿಯೂ ಸಂಭವಿಸಿದುವು. ಅಲ್ಲಿನ ಓನಹಾಮ ಎಂಬ ಊರಿನಲ್ಲಿ ಜರ್ಮನಿಯ ಮರ್ಕ್ ಸಂಸ್ಥೆಯ ಕಾರ್ಖಾನೆಯೊಂದಿತ್ತು. ಕಾರಿನ ಬಣ್ಣಕ್ಕೆ ಹೊಳಪಿನ ಮಿನುಗನ್ನು ಕೊಡುವ ಒಂದು ಬಗೆಯ ಪುಡಿ ಆಗ ಜಗತ್ತಿನಲ್ಲೆಲ್ಲ ಅಲ್ಲಿ ಮಾತ್ರವೇ ತಯಾರಾಗುತ್ತಿತ್ತು. ಆ ಕಾರ್ಖಾನೆ ನಿಂತುಹೋದಾಗ ಅಮೆರಿಕದ ಫೋರ್ಡ್ ಸಂಸ್ಥೆ ಕೆಲವು ಕಪ್ಪು ಮತ್ತು ಕೆಂಪು ಬಣ್ಣದ ಕಾರುಗಳಿಗೆ ಬೇಡಿಕೆ ಸ್ವೀಕರಿಸುವುದನ್ನು ತಡೆಹಿಡಿಯಬೇಕಾಯಿತು. ೨೦೨೧ರಲ್ಲಿ ಸೂಕ್ಷ್ಮ ವಿದ್ಯುನ್ಮಾನ ಚಿಪ್ಪುಗಳ ಅಭಾವ ತಲೆದೋರಿದಾಗ ಅಮೆರಿಕ, ಯೂರೋಪು, ಜಪಾನು, ಭಾರತಗಳ ಕಾರು ಕಾರ್ಖಾನೆಗಳೆಲ್ಲ ಉತ್ಪಾದನೆಯನ್ನು ಕಡಮೆ ಮಾಡಿದುವು. ಬೆರಳಿನ ಉಗುರಿನಷ್ಟಿರುವ ವಸ್ತುವೊಂದು ಬಾರದಿದ್ದರೆ ಇಡೀ ಕಾರು ಅಂಗಳದಲ್ಲಿ ಕಾಯುತ್ತ ನಿಲ್ಲುತ್ತದೆ.

ಸ್ವದೇಶಿ, ವಿದೇಶಿ ಎಂಬ ಈ ಪ್ರಶ್ನೆ ಅಮೆರಿಕಕ್ಕೆ ಮಾತ್ರ ಸೀಮಿತವಾದುದಲ್ಲ. ಭಾರತದ ರಸ್ತೆಗಳಲ್ಲಿಯೂ ಅದು ಬೇರೊಂದು ರೂಪದಲ್ಲಿ ಬಹುಕಾಲದಿಂದ ಸಂಚರಿಸುತ್ತಿದೆ.

ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ಓಡುತ್ತಿದ್ದ ಕಾರುಗಳು ವಿದೇಶದವು. ಜನರಲ್ ಮೋಟಾರ್ಸ್ ಸಂಸ್ಥೆ ೧೯೨೮ರಲ್ಲಿ ಮುಂಬಯಿಯಲ್ಲಿ ಒಂದು ಕಾರ್ಖಾನೆಯನ್ನು ತೆರೆಯಿತಾದರೂ, ಅಲ್ಲಿ ನಡೆಯುತ್ತಿದ್ದುದು ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಜೋಡಿಸುವ ಕೆಲಸ. ಜೋಡಣೆ ಬೇರೆ, ತಯಾರಿಕೆ ಬೇರೆ. ಈ ಭೇದವನ್ನು ಚೆನ್ನಾಗಿ ಅರಿತಿದ್ದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. ೧೯೩೦ರ ದಶಕದಲ್ಲಿ ಅವರು ಯೂರೋಪು, ಅಮೆರಿಕಗಳ ಮೋಟಾರು ಉದ್ಯಮವನ್ನು ಅಧ್ಯಯನ ಮಾಡಿ, ಭಾರತದಲ್ಲಿಯೇ ಕಾರುಗಳನ್ನು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಬ್ರಿಟಿಷ್ ಆಡಳಿತದ ಬೆಂಬಲ ದೊರೆಯದೆ ಆಗ ಅದು ಕೈಗೂಡಲಿಲ್ಲ. ಆ ಪ್ರಯತ್ನದಲ್ಲಿ ಅವರೊಡನೆ ಇದ್ದ ಉದ್ಯಮಿ ವಾಲಚಂದ್ ಹೀರಾಚಂದ್ ಮುಂದೆ ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಬಿರ್ಲಾ ಮನೆತನದವರು ೧೯೪೨ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಮೋಟಾರ್ಸ್ ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನೆಲೆಯೂರಿತು. ೧೯೫೩ರಲ್ಲಿ ಭಾರತ ಸರ್ಕಾರ, ಬಿಡಿಭಾಗಗಳನ್ನು ಕ್ರಮಕ್ರಮವಾಗಿ ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಸಂಸ್ಥೆಗಳಿಗೆ ಇಲ್ಲಿ ಸ್ಥಾನವಿಲ್ಲವೆಂಬ ನೀತಿಯನ್ನು ತಳೆಯಿತು. ಜೋಡಣೆಯನ್ನು ಮಾತ್ರ ನಡೆಸುತ್ತಿದ್ದ ಅಮೆರಿಕದ ಸಂಸ್ಥೆಗಳು ಹಿಂದೆ ಸರಿದುವು.

ಹೀಗೆ ಬೆಳೆದ ಅಂಬಾಸಿಡರ್ ಕಾರು ಭಾರತೀಯತೆಯ ಸಂಕೇತವೆಂಬಂತೆ ಜನಪ್ರಿಯವಾಯಿತು. ಮಂತ್ರಿಗಳು, ಅಧಿಕಾರಿಗಳು, ವೈದ್ಯರು, ಬಾಡಿಗೆ ಕಾರಿನವರು ಎಲ್ಲರೂ ಅದನ್ನೇ ಬಳಸಿದರು. ಆದರೆ ಅದರ ರೂಪ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನದು. ಇಂಗ್ಲೆಂಡಿನಲ್ಲಿ ಆ ಮಾದರಿ ೧೯೫೬ರಿಂದ ೧೯೫೯ರವರೆಗೆ ಮಾತ್ರ ತಯಾರಾಯಿತು. ಇಲ್ಲಿ ಅದು ಸಣ್ಣಪುಟ್ಟ ಬದಲಾವಣೆಗಳೊಡನೆ ೨೦೧೪ರವರೆಗೆ ಬಾಳಿತು. ೧೯೯೦ರ ದಶಕದಲ್ಲಿ ಜಪಾನಿನ ಇಸುಜು ಸಂಸ್ಥೆಯ ವಿನ್ಯಾಸದ ಎಂಜಿನ್ ಕೂಡ ಅದಕ್ಕೆ ಒದಗಿತು. ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್. ವಿದೇಶದಲ್ಲಿ ಹುಟ್ಟಿದ ಈ ಕಾರುಗಳು ಇಲ್ಲಿಯ ಉಕ್ಕಿನಿಂದ, ಇಲ್ಲಿಯ ಕೈಗಳಿಂದ ತಯಾರಾಗಿ ಇಲ್ಲಿಯವೇ ಆದುವು. ಅವುಗಳ ಸುತ್ತಲೂ ಬಿಡಿಭಾಗಗಳ ಉದ್ಯಮ ಬೆಳೆಯಿತು. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ ೧೯೫೧ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಮೈಕೋ, ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳಿಗೆ ದೇಶದಾದ್ಯಂತ ಹೆಸರಾಯಿತು. ಎಲ್ಲವೂ ಸ್ವದೇಶದಲ್ಲಿಯೇ ತಯಾರಾಗಿದ್ದರೂ ಒಂದು ಕೊರತೆ ಉಳಿಯಿತು. ಪೈಪೋಟಿಯಿಲ್ಲದ ಪೇಟೆಯಲ್ಲಿ ಕೊಳ್ಳುವವನು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದನು. ಆದುದರಿಂದ ಹೊಸ ವಿನ್ಯಾಸವನ್ನು ಕಲಿಯುವ ಒತ್ತಡ ತಯಾರಕನಿಗೆ ಇರಲಿಲ್ಲ.

೧೯೮೩ರ ಡಿಸೆಂಬರ್ ೧೪ರಂದು ಹರಿಯಾಣದ ಗುರ್‌ಗಾಂವ್ ಕಾರ್ಖಾನೆಯ ಮೊದಲ ಮಾರುತಿ ೮೦೦ ಕಾರಿನ ಬೀಗದ ಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಕೊಂಡವರಿಗೆ ನೀಡಿದರು. ಮಾರುತಿ ಭಾರತ ಸರ್ಕಾರದ ಸಂಸ್ಥೆ. ಜಪಾನಿನ ಸುಜುಕಿ ಅದರಲ್ಲಿ ಶೇಕಡಾ ೨೬ರ ಪಾಲುದಾರ. ಆಂಜನೇಯನ ಹೆಸರನ್ನು ಹೊತ್ತ ಆ ಕಾರಿನಷ್ಟು ಸ್ವದೇಶಿಯಾದುದು ಇನ್ನೊಂದಿಲ್ಲವೆಂದು ತೋರುತ್ತಿದ್ದರೂ, ಮೊದಮೊದಲು ಅದರ ಭಾಗಗಳಲ್ಲಿ ಹೆಚ್ಚಿನವು ಜಪಾನಿನಿಂದ ಹಡಗಿನಲ್ಲಿ ಬರುತ್ತಿದ್ದುವು. ಕ್ರಮೇಣ ಇಲ್ಲಿಯ ತಯಾರಕರು ಒಂದೊಂದೇ ಭಾಗವನ್ನು ಮಾಡಲು ಕಲಿತರು. ಒಂದು ದಶಕದ ವೇಳೆಗೆ ಕಾರಿನ ಬಹುಪಾಲು ಭಾರತದಲ್ಲಿಯೇ ತಯಾರಾಗುತ್ತಿತ್ತು. ೧೯೮೭ರಲ್ಲಿ ೫೦೦ ಕಾರುಗಳು ಹಂಗೆರಿ ದೇಶಕ್ಕೆ ರಫ್ತಾದುವು. ಈ ನಡುವೆ ಒಡೆತನ ವಿರುದ್ಧ ದಿಕ್ಕಿನಲ್ಲಿ ಸಾಗಿತು. ೧೯೯೨ರಲ್ಲಿ ಸುಜುಕಿಯ ಪಾಲು ಅರ್ಧಕ್ಕೇರಿತು. ೨೦೦೨ರಲ್ಲಿ ಅದೇ ಪ್ರಧಾನ ಒಡೆಯನಾಯಿತು. ೨೦೦೭ರಲ್ಲಿ ಸರ್ಕಾರ ಉಳಿದ ಪಾಲನ್ನೂ ಮಾರಿತು. ಒಡೆತನ ಭಾರತದ್ದಾಗಿದ್ದಾಗ ಕಾರು ಜಪಾನಿನದಾಗಿತ್ತು. ಕಾರು ಭಾರತದ್ದಾದಾಗ ಒಡೆತನ ಜಪಾನಿನದಾಯಿತು.

ಇದಕ್ಕೆ ಪ್ರತಿಯಾದ ಉದಾಹರಣೆಗಳೂ ಉಂಟು. ೨೦೦೮ರಲ್ಲಿ ಟಾಟಾ ಮೋಟಾರ್ಸ್ ಸಂಸ್ಥೆ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎಂಬ ಇಂಗ್ಲೆಂಡಿನ ಹೆಸರಾಂತ ಕಾರುಗಳ ಉದ್ಯಮವನ್ನು ಅಮೆರಿಕದ ಫೋರ್ಡ್ ಸಂಸ್ಥೆಯಿಂದ ಕೊಂಡಿತು. ಒಡೆಯ ಭಾರತೀಯನಾದರೂ ಆ ಕಾರುಗಳನ್ನು ಇಂಗ್ಲೆಂಡಿನ ಕೆಲಸಗಾರರು ತಯಾರಿಸುತ್ತ ಬಂದರು. ಅದೇ ಟಾಟಾ ಸಂಸ್ಥೆ ೧೯೯೮ರಲ್ಲಿ ಹೊರತಂದ ಇಂಡಿಕಾ ಭಾರತದಲ್ಲಿಯೇ ರೂಪುಗೊಂಡ ಕಾರೆಂದು ಪ್ರಸಿದ್ಧವಾಯಿತು. ಅದರ ಹೊರರೂಪಕ್ಕೆ ಇಟಲಿಯ ವಿನ್ಯಾಸ ಸಂಸ್ಥೆಯೊಂದರ ನೆರವು ದೊರೆತಿತ್ತು. ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಮುಂದಾಳುತನದಲ್ಲಿ ಸಿದ್ಧವಾಗಿ ೨೦೦೧ರಲ್ಲಿ ಪೇಟೆಗೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು, ಜಿ-ವಿಜ್ ಎಂಬ ಬೇರೆ ಹೆಸರಿನಿಂದ ಲಂಡನ್ನಿನ ಬೀದಿಗಳಲ್ಲಿ ಓಡಿತು. ಅದನ್ನು ನೋಡಿದ ಅಲ್ಲಿಯವರಲ್ಲಿ ಅದರ ತವರು ಬೆಂಗಳೂರೆಂದು ಎಷ್ಟು ಜನ ಊಹಿಸಿದ್ದಾರು?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಡದಿ ಸಿಗುತ್ತದೆ. ತಟ್ಟೆ ಇಡ್ಲಿಗೆ ಹೆಸರಾದ ಆ ಊರಿನಲ್ಲಿ ಟೊಯೋಟ ಮತ್ತು ಕಿರ್ಲೋಸ್ಕರ್ ಸಂಸ್ಥೆಗಳು ಕೂಡಿ ಸ್ಥಾಪಿಸಿದ ಕಾರ್ಖಾನೆ ೧೯೯೯ರ ಕೊನೆಯಿಂದ ಕೆಲಸ ಮಾಡುತ್ತಿದೆ. ಅಲ್ಲಿನ ಸೋದರ ಸಂಸ್ಥೆ ತಯಾರಿಸಿದ ಗೇರುಪೆಟ್ಟಿಗೆಗಳು ೨೦೦೪ರಿಂದ ಹೊರದೇಶಗಳ ಟೊಯೋಟ ಕಾರ್ಖಾನೆಗಳಿಗೆ ಹೋಗತೊಡಗಿದುವು. ಬೇರೊಂದು ದೇಶದಲ್ಲಿ ಜಪಾನೀ ಕಾರೆಂದು ಮಾರಾಟವಾದ ವಾಹನದ ಹೊಟ್ಟೆಯಲ್ಲಿ ಬಿಡದಿಯ ಗೇರುಪೆಟ್ಟಿಗೆ ತಿರುಗುತ್ತಿತ್ತೆಂದರೆ ಆಶ್ಚರ್ಯವಲ್ಲವೇ? ಇನ್ನೂ ಒಂದು ಸಂಗತಿಯುಂಟು. ೨೦೨೨ರಲ್ಲಿ ಈ ಕಾರ್ಖಾನೆಯಿಂದ ಟೊಯೋಟ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರ ಎಂಬ ಎರಡು ಹೆಸರಿನ ಕಾರುಗಳು ಹೊರಬಂದುವು. ಮೂಲತಃ ಅವೆರಡೂ ಒಂದೇ. ಫ್ರೀಮಾಂಟಿನಲ್ಲಿ ೧೯೮೦ರ ದಶಕದಲ್ಲಿ ನಡೆದುದೇ ಬಿಡದಿಯಲ್ಲಿಯೂ ನಡೆಯಿತು. ಇದರ ಸ್ಥಿತಿ ಕನ್ನಂಬಾಡಿಯ ಜಲಾಶಯದಂತೆ. ಅಲ್ಲಿ ನಿಂತ ನೀರಿಗೆ ಕಾವೇರಿಯೆಂದು ಹೆಸರು. ಆದರೆ ಹೇಮಾವತಿ, ಲಕ್ಷ್ಮಣತೀರ್ಥಗಳ ನೀರೂ ಅದರಲ್ಲಿ ಬೆರೆತಿದೆ. ಒಂದು ಬೊಗಸೆ ನೀರನ್ನೆತ್ತಿ ಇದು ತಲಕಾವೇರಿಯದೇ ಎಂದು ಆಣೆಯಿಟ್ಟು ಹೇಳುವವರಾರು?

ಹಾಗಾದರೆ ಸ್ವದೇಶಿ, ವಿದೇಶಿ ಎಂಬ ಮಾತುಗಳಿಗೆ ಅರ್ಥವೇ ಇಲ್ಲವೆ? ಹಾಗೆ ಹೇಳುವುದೂ ಅವಸರದ ತೀರ್ಮಾನವೇ ಆದೀತು. ಕಾರು ಯಾವ ದೇಶದ್ದು ಎಂಬ ಒಂದು ಪ್ರಶ್ನೆಯೊಳಗೆ ಐದು ಪ್ರಶ್ನೆಗಳು ಅಡಗಿವೆ. ವಿನ್ಯಾಸವನ್ನು ರೂಪಿಸಿದವರು ಎಲ್ಲಿಯವರು? ಬಿಡಿಭಾಗಗಳು ಎಲ್ಲಿ ತಯಾರಾದುವು? ಕೊನೆಯ ಜೋಡಣೆ ಎಲ್ಲಿ ನಡೆಯಿತು? ಸಂಸ್ಥೆಯ ಒಡೆತನ ಯಾರದು? ಈ ಕೆಲಸದಿಂದ ಹುಟ್ಟಿದ ಕೌಶಲ ಯಾರಲ್ಲಿ ಉಳಿಯಿತು? ಈ ಐದಕ್ಕೂ ಒಂದೇ ದೇಶದ ಹೆಸರು ಉತ್ತರವಾಗುವುದು ಈಚೆಗೆ ವಿರಳವಾಗಿದೆ. ಕೆಲಸಗಾರನಿಗೆ ಜೋಡಣೆಯ ಊರು ಮುಖ್ಯ. ಅಲ್ಲಿ ಅವನ ಕೂಲಿಯಿದೆ. ಸಣ್ಣ ಉದ್ಯಮಿಗೆ ಬಿಡಿಭಾಗಗಳ ಪ್ರಶ್ನೆ ಮುಖ್ಯ. ಷೇರುದಾರನಿಗೆ ಒಡೆತನ ಮುಖ್ಯ. ಸರ್ಕಾರಗಳು ಪೂರ್ತಿ ಸಿದ್ಧವಾಗಿ ಬಂದ ಕಾರಿಗೆ ಹೆಚ್ಚು ಸುಂಕವನ್ನೂ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುವ ಕಾರಿಗೆ ಕಡಮೆ ಸುಂಕವನ್ನೂ ವಿಧಿಸುವುದರ ಕಾರಣವೂ ಇದೇ. ಇಡೀ ನಾಡಿನ ಮುಂದಿನ ಏಳಿಗೆಯ ದೃಷ್ಟಿಯಿಂದ ನೋಡಿದರೆ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಒಡೆತನ ಒಂದು ಸಹಿಯಿಂದ ಕೈ ಬದಲಾಗುತ್ತದೆ. ಕಾರ್ಖಾನೆ ಒಂದು ಆಜ್ಞೆಯಿಂದ ಮುಚ್ಚುತ್ತದೆ. ಕಲಿತ ಕೈಯ ಕೌಶಲವನ್ನು ಮಾತ್ರ ಯಾರೂ ಹಡಗಿಗೇರಿಸಿ ಕೊಂಡೊಯ್ಯಲಾರರು.

ಈ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರವನ್ನು ಯಾರು ಬೇಕಾದರೂ ಹುಡುಕಬಹುದು. ಕಾರಿನ ನೋಂದಣಿ ಪತ್ರದಲ್ಲಿ ಚಾಸಿ ಸಂಖ್ಯೆಯೆಂಬುದೊಂದಿರುತ್ತದೆ. ಅದರಲ್ಲಿ ೧೭ ಅಕ್ಷರ ಮತ್ತು ಅಂಕಿಗಳಿವೆ. ಮೊದಲಿನವು ತಯಾರಕನನ್ನೂ ಅವನ ದೇಶವನ್ನೂ ಸೂಚಿಸುತ್ತವೆ. ಇಂಗ್ಲಿಷಿನ ‘ಜೆ’ ಜಪಾನಿಗೆ, ‘ಡಬ್ಲ್ಯು’ ಜರ್ಮನಿಗೆ, ೧, ೪, ೫ರ ಅಂಕಿಗಳು ಅಮೆರಿಕಕ್ಕೆ ಸಲ್ಲುತ್ತವೆ. ‘ಎಂ’ ಅಕ್ಷರದಿಂದ ಮೊದಲಾಗಿ ಎರಡನೆಯ ಅಕ್ಷರ ‘ಎ’ಯಿಂದ ‘ಇ’ವರೆಗಿನ ಯಾವುದಾದರೊಂದಾಗಿದ್ದರೆ ಅದು ಭಾರತದ್ದೆಂದು ತಿಳಿಯಬೇಕು. ವಿದೇಶಿಯೆಂದು ಹೆಸರಾದ ಎಷ್ಟೋ ಕಾರುಗಳ ಮೇಲೆ ಈ ‘ಎಂ’ ಅಕ್ಷರ ಕಾಣಿಸುತ್ತದೆ.

ತನ್ನ ನಾಡಿನ ವಸ್ತುವನ್ನು ಕೊಳ್ಳಬೇಕೆಂಬ ಅಭಿಮಾನ 
ಒಳ್ಳೆಯದೇ. ತನ್ನ ನೆರೆಯವನ ಕೆಲಸ ಉಳಿಯಲಿ ಎಂಬ ಹಾರೈಕೆ ಅದರ ಬೇರಿನಲ್ಲಿದೆ. ಆದರೆ ಅಭಿಮಾನಕ್ಕೆ ತಿಳಿವಳಿಕೆಯ ಜೊತೆ ಬೇಕು. ಹೆಸರನ್ನು ಮಾತ್ರ ಕಂಡು ಒಲಿಯುವವನು ಮೋಸಹೋಗಬಹುದು. ಅದರಿಂದಾಗುವ ನಷ್ಟ ಹಣದ್ದು. ಹೆಸರನ್ನು ಮಾತ್ರ ಕಂಡು ದ್ವೇಷಿಸುವವನು ಮಾಡುವ ಅನಾಹುತಕ್ಕೆ ಪರಿಹಾರವಿಲ್ಲ. ೧೯೮೨ರ ಆ ರಾತ್ರಿ ಹೈಲ್ಯಾಂಡ್ ಪಾರ್ಕಿನಲ್ಲಿ ಕೈಯೆತ್ತಿದವರು ಕಾರಿನ ತವರನ್ನೂ ಅರಿಯಲಿಲ್ಲ, ಮನುಷ್ಯನ ತವರನ್ನೂ ಅರಿಯಲಿಲ್ಲ. ರಸ್ತೆಯಲ್ಲಿ ಹಾದುಹೋಗುವ ಪ್ರತಿಯೊಂದು ಕಾರಿನಲ್ಲಿಯೂ ಯಾವು ಯಾವುದೋ ನಾಡಿನ, ಪರಸ್ಪರ ಎಂದೂ ಕಾಣದ ಸಾವಿರಾರು ಜನರ ದುಡಿಮೆ ಸೇರಿದೆ. ಅವರಲ್ಲಿ ಹಲವರು ಓನಹಾಮದವರು, ಹಲವರು ಮೇರೀಸ್‌ವಿಲ್ಲಿನವರು, ಹಲವರು ಬಿಡದಿಯವರು.